ಹೊರಗಡೆ ಕೆಲಸಕ್ಕೆ ಒಂದು ಚಾಕು ನೀವೇ ಮಾಡುವುದಾದರೆ: ಯಾವ ಉಕ್ಕು, ಎಷ್ಟು ದಪ್ಪ, ಎಂಥ ಹಿಡಿ

ಮೊದಲ ಚಾಕು ಮಾಡಲು ಹೊರಟವರು ಸಾಮಾನ್ಯವಾಗಿ ಪೆನ್ಸಿಲ್ ಹಿಡಿದು ಅಲಗಿನ ಚಿತ್ರ ಬರೆಯುತ್ತಾ ಕೂರುತ್ತಾರೆ. ನಾನೂ ಹಾಗೇ ಶುರು ಮಾಡಿದ್ದು. ಮೊನೆ ಎಷ್ಟು ಚೂಪಿರಬೇಕು, ಬೆನ್ನು ಎಲ್ಲಿ ಬಾಗಬೇಕು ಅಂತ ದಿನಗಟ್ಟಲೆ ಗೀಚಿ, ಕೊನೆಗೆ ಕೈಗೆ ಸಿಕ್ಕ 5 ಮಿ.ಮೀ. ದಪ್ಪದ, ಗಾಡಿಯ ಹಳೇ ಲೀಫ್ ಸ್ಪ್ರಿಂಗಿನಿಂದ ಅದನ್ನು ಕತ್ತರಿಸಿ ತೆಗೆದೆ. ನೋಡಲು ಚೆನ್ನಾಗಿಯೇ ಬಂತು. ಆದರೆ ಹಗ್ಗದ ಮೇಲಿಟ್ಟರೆ ಜಾರುತ್ತಿತ್ತು, ಕಡ್ಡಿ ಕೆತ್ತಲು ಹೋದರೆ ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತಿತ್ತು, ಒಂದು ತಿಂಗಳೊಳಗೆ ಬಾಯಿ, ಅಂದರೆ ಕತ್ತರಿಸುವ ಅಂಚು, ಒಂದು ಕಡೆಗೆ ಮಡಚಿಕೊಂಡಿತು. ಚಿತ್ರದಲ್ಲಿ ತಪ್ಪಿರಲಿಲ್ಲ. ದಪ್ಪ ತಪ್ಪಾಗಿತ್ತು, ಬೆಂಕಿ ತಪ್ಪಾಗಿತ್ತು.

ಅದಕ್ಕೇ ಈಗ ಯಾರಾದರೂ ಕೇಳಿದರೆ ನಾನು ಎರಡು ಪ್ರಶ್ನೆ ವಾಪಸ್ ಕೇಳುತ್ತೇನೆ. ಈ ಚಾಕು ದಿನವಿಡೀ ಏನನ್ನು ಕತ್ತರಿಸಬೇಕು? ನಿಮ್ಮ ಹತ್ತಿರ ಇರುವ ಬೆಂಕಿಯನ್ನು ನೀವು ಎಷ್ಟು ನಿಖರವಾಗಿ ಹಿಡಿದಿಡಬಲ್ಲಿರಿ? ಮೊದಲನೆಯದು ದಪ್ಪ ಮತ್ತು ಇಳಿಜಾರನ್ನು (ಅಲಗು ಬಾಯಿಯ ಕಡೆಗೆ ತೆಳುವಾಗುವ ರೀತಿ) ತೀರ್ಮಾನ ಮಾಡುತ್ತದೆ, ಎರಡನೆಯದು ಉಕ್ಕನ್ನು. ಚಿತ್ರ ಆಮೇಲೆ ಬರಲಿ.

ಬಡಿದು ಮಾಡುವುದಾ, ಉಜ್ಜಿ ಮಾಡುವುದಾ

ಕುಲುಮೆಯಲ್ಲಿ ಕಾಯಿಸಿ ಸುತ್ತಿಗೆಯಿಂದ ಆಕಾರ ಕೊಡುವುದು ಒಂದು ದಾರಿ. ಉಕ್ಕಿನ ಪಟ್ಟಿ ತಂದು, ಬೇಡದ್ದನ್ನು ಗರಗಸ, ಅರ, ಬೆಲ್ಟ್ ಗ್ರೈಂಡರಿನಿಂದ ತೆಗೆದುಹಾಕುವುದು ಇನ್ನೊಂದು. ಬಡಿದು ಮಾಡಿದ್ದೇ ಗಟ್ಟಿ, ಉಜ್ಜಿ ಮಾಡಿದ್ದು ಬಡಪಾಯಿ ಅಂತ ಒಂದು ಮಾತು ಓಡಾಡುತ್ತದೆ. ಅದು ನಿಜವಲ್ಲ. ಇವತ್ತು ಸಿಗುವ ಪಟ್ಟಿ ಕಾರ್ಖಾನೆಯಲ್ಲೇ ರೋಲರುಗಳ ನಡುವೆ ಚೆನ್ನಾಗಿ ನಾದಿಸಿಕೊಂಡು ಬಂದಿರುತ್ತದೆ. ಬಾಯಿಯನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಒತ್ತಾಗಿಸಿದರೆ ಹರಿತ ಹೆಚ್ಚುತ್ತದೆ ಅನ್ನುವುದೂ ಹಾಗೇ, ಗಟ್ಟಿ ಮಾಡಲು ಮತ್ತೆ ಕಾಯಿಸಿದಾಗ ಆ ತಟ್ಟಿದ್ದೆಲ್ಲ ಅಳಿಸಿಹೋಗುತ್ತದೆ.

ಬಡಿಯುವುದರಲ್ಲಿ ಲಾಭ ಬೇರೆ ಇದೆ. ಉಕ್ಕು ವ್ಯರ್ಥವಾಗುವುದು ಕಡಿಮೆ, ಹಿಡಿಯಿಂದ ಮೊನೆಯವರೆಗೆ ದಪ್ಪ ಮೆಲ್ಲಗೆ ಇಳಿಯುವಂತೆ ಮಾಡುವುದು ಸುಲಭ. ಆದರೆ ಪ್ರತಿ ಸಲ ಕಾಯಿಸಿದಾಗಲೂ ಮೇಲ್ಪದರದ ಇಂಗಾಲ ಸ್ವಲ್ಪ ಸುಟ್ಟುಹೋಗುತ್ತದೆ, ಉಕ್ಕಿನೊಳಗಿನ ಕಣ ದೊಡ್ಡದಾಗುತ್ತದೆ, ಅದನ್ನು ಸರಿಮಾಡಲು ಮೂರು ಸಲ ಕಾಯಿಸಿ ಗಾಳಿಯಲ್ಲೇ ಆರಿಸಬೇಕು. ಇಷ್ಟೆಲ್ಲ ಕಲಿಯುವುದು ಸಂತೋಷದ ಕೆಲಸವೇ. ಆದರೆ ನಿಮಗೆ ಬೇಕಾಗಿರುವುದು ಕೆಲಸಕ್ಕೆ ಬರುವ ಚಾಕು ಅಂತಾದರೆ ಮೊದಲ ಮೂರು ಚಾಕು ಪಟ್ಟಿಯಿಂದಲೇ ಮಾಡಿ. ಒಂದು ಗಟ್ಟಿ ವೈಸ್, ಒಂದು ಒರಟು ಅರ, ಒಂದು ನಯದ ಅರ, ಕೈಗರಗಸ, ಡ್ರಿಲ್. ಅಷ್ಟು ಸಾಕು. ಬೆಲ್ಟ್ ಗ್ರೈಂಡರ್ ಇದ್ದರೆ ಎರಡು ದಿನದ ಕೆಲಸ ಎರಡು ಗಂಟೆಗೆ ಮುಗಿಯುತ್ತದೆ. ತಪ್ಪು ಕೂಡ ಅಷ್ಟೇ ಬೇಗ ಆಗುತ್ತದೆ. ಅರದಲ್ಲಿ ಇಳಿಜಾರು ತೆಗೆದವರಿಗೆ ಯಾವ ಜಾಗದಲ್ಲಿ ಎಷ್ಟು ಉಕ್ಕು ಹೋಯಿತು ಅನ್ನುವುದು ಕೈಗೇ ಗೊತ್ತಾಗುತ್ತದೆ.

ಉಕ್ಕು: ಹೆಸರು ನೋಡಿ ಕೊಳ್ಳಬೇಡಿ, ನಿಮ್ಮ ಬೆಂಕಿ ನೋಡಿ ಕೊಳ್ಳಿ

ಇಲ್ಲೇ ಜಾಸ್ತಿ ಜನ ಎಡವುವುದು. ಉಕ್ಕುಗಳ ಹೆಸರಿನ ಪಟ್ಟಿಯಲ್ಲಿ ಯಾವುದು ಮೇಲಿದೆ ಅಂತ ನೋಡಿ ಅದನ್ನೇ ತರಿಸುತ್ತಾರೆ. ಹದ ಅಂದರೆ ಕಾಯಿಸಿ, ತಣಿಸಿ ಉಕ್ಕನ್ನು ಬೇಕಾದಷ್ಟು ಗಟ್ಟಿ ಮಾಡುವುದು. ಒಳ್ಳೇ ಉಕ್ಕಿಗೆ ಅರೆಬರೆ ಹದ ಕೊಟ್ಟರೆ, ಸಾಧಾರಣ ಉಕ್ಕಿಗೆ ಸರಿಯಾದ ಹದ ಕೊಟ್ಟ ಚಾಕುವಿನ ಮುಂದೆ ಅದು ನಿಲ್ಲುವುದಿಲ್ಲ.

ನಿಮ್ಮ ಹತ್ತಿರ ಇರುವುದು ಗ್ಯಾಸ್ ಕುಲುಮೆ ಅಥವಾ ಇದ್ದಿಲ ಕುಲುಮೆ, ಶಾಖ ಅಳೆಯುವುದು ಕಣ್ಣಿನಿಂದಲೇ ಅಂತಾದರೆ 1084 ಅನ್ನುವ ದರ್ಜೆಯ ಉಕ್ಕು ತೆಗೆದುಕೊಳ್ಳಿ. ಇದರಲ್ಲಿ ಇಂಗಾಲ ಸುಮಾರು 0.84 ಶೇಕಡಾ. ಸುಮಾರು 815 ಡಿಗ್ರಿ ಸೆಲ್ಸಿಯಸ್‌ಗೆ ಬಂದರೆ ಸಾಕು, ಆ ಶಾಖದಲ್ಲಿ ತುಂಬ ಹೊತ್ತು ನಿಲ್ಲಿಸಬೇಕಾಗಿಲ್ಲ, ಬೆಚ್ಚಗಿನ ಅಡುಗೆ ಎಣ್ಣೆಯಲ್ಲಿ ಅದ್ದಿದರೂ ಗಟ್ಟಿಯಾಗುತ್ತದೆ. ಹೊಸಬರ ಕೈಗೆ ಇದಕ್ಕಿಂತ ಸಹಕರಿಸುವ ಉಕ್ಕು ನಾನು ಕಂಡಿಲ್ಲ.

1095 ನೋಡಲು ಇದರ ಅಣ್ಣನ ಹಾಗೆ ಕಾಣುತ್ತದೆ. ಇಂಗಾಲ 0.90ರಿಂದ 1.03 ಶೇಕಡಾ, ಹೆಸರೂ ಜಾಸ್ತಿ ಕೇಳಿರುತ್ತೀರಿ. ಆದರೆ ಅದ್ದಿದ ಮೇಲೆ ಒಂದು ಸೆಕೆಂಡಿನೊಳಗೆ ಅದು ಸುಮಾರು 540 ಡಿಗ್ರಿಗಿಂತ ಕೆಳಗೆ ಇಳಿಯಬೇಕು, ಇಲ್ಲದಿದ್ದರೆ ಪೂರ್ತಿ ಗಟ್ಟಿಯಾಗುವುದಿಲ್ಲ. ಅಡುಗೆ ಎಣ್ಣೆ ಅಷ್ಟು ಬೇಗ ಶಾಖ ಎಳೆಯುವುದಿಲ್ಲ. ವೇಗವಾಗಿ ತಣಿಸಲೆಂದೇ ಮಾಡಿದ ಎಣ್ಣೆ ಬೇಕು. ನೀರಿನಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ ನಿಜ. ನಾನು ಒಂದು ಸಲ ಅದ್ದಿದೆ. ಬಕೆಟ್ಟಿನೊಳಗಿಂದ ‘ಟಿಣ್’ ಅಂತ ಒಂದು ಸಣ್ಣ ಸದ್ದು ಬಂತು, ಉಗುರಿನಿಂದ ಗಾಜು ತಟ್ಟಿದ ಹಾಗೆ. ತೆಗೆದು ಒರೆಸಿದರೆ ಬಾಯಿಯಿಂದ ಮೇಲಕ್ಕೆ ಕೂದಲೆಳೆಯಷ್ಟು ಬಿರುಕು. ಆ ಅಲಗಿಗೆ ಹಾಕಿದ್ದ ಮೂರು ಸಂಜೆ ಹೋಯಿತು.

5160 ಲೀಫ್ ಸ್ಪ್ರಿಂಗ್ ಮಾಡುವ ಉಕ್ಕು. ಇಂಗಾಲ 0.6 ಶೇಕಡಾದ ಆಸುಪಾಸು, ಜೊತೆಗೆ ಸ್ವಲ್ಪ ಕ್ರೋಮಿಯಂ. ಪೆಟ್ಟು ತಡೆಯುವುದರಲ್ಲಿ ಗಟ್ಟಿ ಜೀವ. ಸೌದೆ ಸೀಳುವ, ಕೊಂಬೆ ಕಡಿಯುವ ದೊಡ್ಡ ಕತ್ತಿಗೆ ಹೇಳಿ ಮಾಡಿಸಿದ್ದು. ಆದರೆ 10 ಸೆಂ.ಮೀ. ಅಲಗಿನ ಚಾಕುವಿಗೆ ಅಷ್ಟು ತಾಳಿಕೆ ಬೇಕಾಗಿಲ್ಲ, ಹರಿತ ಹೆಚ್ಚು ಹೊತ್ತು ನಿಲ್ಲುವುದು ಬೇಕು. ಹಳೇ ಸ್ಪ್ರಿಂಗ್ ಎತ್ತಿಕೊಂಡು ಬಂದು ಮಾಡುವವರಿಗೆ ಇನ್ನೊಂದು ಮಾತು. ಅದು 5160 ಆಗಿರಲೇಬೇಕೆಂದಿಲ್ಲ, ಮತ್ತು ವರ್ಷಗಟ್ಟಲೆ ಕುಲುಕಾಡಿದ ಸ್ಪ್ರಿಂಗಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ನೀವು ಹಾಕುವ ಶ್ರಮದ ಮುಂದೆ ಹೊಸ ಪಟ್ಟಿಯ ಖರ್ಚು ಏನೂ ಅಲ್ಲ.

ಓ1 ಒಳ್ಳೆಯ ಹರಿತ ಕೊಡುತ್ತದೆ, ಎಣ್ಣೆಯಲ್ಲಿ ನಿಧಾನಕ್ಕೆ ತಣಿದರೂ ಗಟ್ಟಿಯಾಗುತ್ತದೆ. ಆದರೆ 800 ಡಿಗ್ರಿ ಹತ್ತಿರ ಹತ್ತು ಹದಿನೈದು ನಿಮಿಷ ಏರುಪೇರಿಲ್ಲದೆ ನಿಲ್ಲಿಸಬೇಕು. ಬಾಲ್ ಬೇರಿಂಗಿನ ಉಕ್ಕು 52100 ಕೂಡ ಅಂಥದ್ದೇ, ಹದ ಸಿಕ್ಕರೆ ಚಿನ್ನ, ಸಿಗುವುದಕ್ಕೆ ನಿಯಂತ್ರಣ ಬೇಕು. ತೆರೆದ ಕುಲುಮೆಯಲ್ಲಿ ಅದು ಕಷ್ಟ.

ತುಕ್ಕು ಹಿಡಿಯದ್ದು ಬೇಕು ಅಂದರೆ 14ಸಿ28ಎನ್ ಅಥವಾ ಎಇಬಿ-ಎಲ್ ನನ್ನ ಆಯ್ಕೆ. ಎರಡರಲ್ಲೂ ಕ್ರೋಮಿಯಂ 13–14 ಶೇಕಡಾ, ಬಾಯಿ ತೆಳ್ಳಗೆ ಮಾಡಿದರೂ ಹಲ್ಲು ಬೀಳುವುದಿಲ್ಲ, ಸಾಣೆ ಹಿಡಿಯುವುದೂ ಸುಲಭ. ಡಿ2 ಹೆಸರುವಾಸಿ, ಆದರೆ 12 ಶೇಕಡಾ ಕ್ರೋಮಿಯಂ ಇದ್ದರೂ ಅದರ ದೊಡ್ಡ ಪಾಲು ಗಟ್ಟಿ ಹರಳುಗಳಲ್ಲಿ ಸಿಕ್ಕಿಕೊಂಡಿರುವುದರಿಂದ ಅದು ಪೂರ್ತಿ ತುಕ್ಕುರಹಿತ ಅಲ್ಲ, ಮೊಂಡಾದ ಮೇಲೆ ಹೊರಗಡೆ ಕೂತು ಸಾಧಾರಣ ಕಲ್ಲಿನಲ್ಲಿ ಮಸೆಯುವುದು ಬೇಜಾರಿನ ಕೆಲಸ. ಇವೆಲ್ಲ 1000 ಡಿಗ್ರಿ ದಾಟಬೇಕು. ಅದನ್ನು ಮನೆಯ ಕುಲುಮೆಯಲ್ಲಿ ಪ್ರಯತ್ನಿಸಬೇಡಿ. ವಿದ್ಯುತ್ ಫರ್ನೇಸ್ ಇರುವವರಿಗೆ ಅಲಗು ಕಳಿಸಿ ಹದ ಮಾಡಿಸಿಕೊಳ್ಳಿ. ಹಾಗೆ ಮಾಡಿಸಿದರೆ ಅದು ‘ನಾನು ಮಾಡಿದ ಚಾಕು’ ಅಲ್ಲ ಅನ್ನಿಸಿ ಕೆಲವರಿಗೆ ಸಂಕೋಚ. ಖಂಡಿತ ನಿಮ್ಮದೇ ಚಾಕು. ಸಮುದ್ರದ ಹತ್ತಿರ, ಮಳೆಯಲ್ಲಿ, ಮೀನಿನ ಜೊತೆ ಕೆಲಸ ಮಾಡುವವರು ಸುಮ್ನೆ ಹಠಕ್ಕೆ ಕಾರ್ಬನ್ ಉಕ್ಕು ಹಿಡಿದು ದಿನಾ ತುಕ್ಕು ಉಜ್ಜುವುದಕ್ಕಿಂತ ಇದು ಮೇಲು.

ಮನೆಯಲ್ಲೇ ಹದ ಕೊಡುವುದಾದರೆ

1084 ಅಂತಲೇ ಇಟ್ಟುಕೊಳ್ಳಿ. ಬಿಸಿಲಿನಲ್ಲಿ ಮಾಡಬೇಡಿ, ಉಕ್ಕಿನ ಬಣ್ಣ ಕಾಣುವುದಿಲ್ಲ. ನೆರಳಲ್ಲಿ, ಮಬ್ಬು ಬೆಳಕಲ್ಲಿ ಮಾಡಿ. ಅಯಸ್ಕಾಂತ ಹಿಡಿಯುವುದನ್ನು ಬಿಟ್ಟ ಕೂಡಲೇ ಅದ್ದಿ ಅಂತ ಹೇಳುವವರಿದ್ದಾರೆ. ಅದು ಸ್ವಲ್ಪ ಬೇಗ ಆಯಿತು. ಅಲ್ಲಿಂದ ಇನ್ನೂ ಒಂದು ಛಾಯೆ ಮೇಲೆ ಹೋಗಬೇಕು. ಆ ಛಾಯೆ ಯಾವುದು ಅಂತ ಕಣ್ಣಿಗೆ ಕಲಿಸಲು ಉಪ್ಪು ಸಾಕು. ಅದೇ ದಪ್ಪದ ಒಂದು ತುಂಡು ಉಕ್ಕಿನ ಮೇಲೆ ನಾಲ್ಕು ಹರಳು ಉಪ್ಪು ಹಾಕಿ ಕಾಯಿಸಿ. ಉಪ್ಪು ಕರಗುವುದು 801 ಡಿಗ್ರಿಯಲ್ಲಿ. ಹರಳು ಕರಗಿ ಹನಿಯಾಗುವ ಹೊತ್ತಿನ ಬಣ್ಣ ನೋಡಿಟ್ಟುಕೊಳ್ಳಿ. ಅದಕ್ಕಿಂತ ಒಂದು ಕೂದಲಷ್ಟು ಮೇಲೆ, ಅದೇ ನಿಮ್ಮ ಗುರಿ.

ಇನ್ನೊಂದು ಗುರುತೂ ಇದೆ, ಒಂದು ಸಲ ಕಂಡರೆ ಮರೆಯುವುದಿಲ್ಲ. ಕೆಂಪಗೆ ಕಾಯುತ್ತಿರುವ ಅಲಗಿನೊಳಗೆ ನೆರಳುಗಳು ಓಡಾಡುತ್ತವೆ, ಮೋಡದ ನೆರಳು ಹೊಲದ ಮೇಲೆ ಸರಿದ ಹಾಗೆ. ಉಕ್ಕಿನ ಒಳರಚನೆ ಬದಲಾಗುತ್ತಾ ಶಾಖ ಹೀರಿಕೊಳ್ಳುವಾಗ ಹಾಗೆ ಕಾಣುತ್ತದೆ. ತೆಳ್ಳಗಿನ ಬಾಯಿಯ ಕಡೆಯಿಂದ ಶುರುವಾಗಿ ಆ ನೆರಳು ಬೆನ್ನಿನ ಕಡೆ ಸರಿದು, ಕೊನೆಯ ಕಪ್ಪು ಚುಕ್ಕೆ ಕರಗಿ, ಅಲಗು ಪೂರ್ತಿ ಒಂದೇ ಬಣ್ಣಕ್ಕೆ ಬಂದ ಮೇಲೆ ಸ್ವಲ್ಪ ನಿಂತು ಎಣ್ಣೆಗೆ ಅದ್ದಿ. ಎಣ್ಣೆ 50–60 ಡಿಗ್ರಿಗೆ ಬೆಚ್ಚಗಿರಲಿ, ತಣ್ಣಗಿನ ಎಣ್ಣೆ ಮಂದವಾಗಿರುತ್ತದೆ, ಶಾಖವನ್ನು ನಿಧಾನಕ್ಕೆ ಎಳೆಯುತ್ತದೆ. ಕತ್ತರಿಸುವ ದಿಕ್ಕಿನಲ್ಲೇ ಹಿಂದೆ ಮುಂದೆ ಆಡಿಸಿ. ಅಡ್ಡಡ್ಡ ಆಡಿಸಿದರೆ ಸೊಟ್ಟಗಾಗುತ್ತದೆ. ಎಣ್ಣೆಯ ಪಾತ್ರೆ ಲೋಹದ್ದೇ ಇರಬೇಕು, ಮುಚ್ಚಳ ಪಕ್ಕದಲ್ಲೇ ಇರಬೇಕು. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಿ ಆರಿಸಿ, ನೀರು ಹಾಕಲೇಬೇಡಿ. ಗಾಡಿಯ ಹಳೇ ಎಂಜಿನ್ ಎಣ್ಣೆ ಬಳಸಬೇಡಿ, ಅದರ ಹೊಗೆ ಒಳ್ಳೆಯದಲ್ಲ.

ತಣಿದ ಮೇಲೆ ಬಾಯಿಯ ಮೇಲೆ ಅರ ಎಳೆದು ನೋಡಿ. ಗಟ್ಟಿಯಾಗಿದ್ದರೆ ಅರ ಗಾಜಿನ ಮೇಲೆ ಹೋದ ಹಾಗೆ ಜಾರುತ್ತದೆ. ಮೊದಲ ಎಳೆತಕ್ಕೆ ಸ್ವಲ್ಪ ಕಚ್ಚಿದರೆ ಹೆದರಬೇಡಿ, ಮೇಲಿನ ಇಂಗಾಲ ಹೋದ ಪದರ ಅದು, ಇನ್ನೆರಡು ಸಲ ಎಳೆದ ಮೇಲೂ ಕಚ್ಚುತ್ತಲೇ ಇದ್ದರೆ ಮತ್ತೆ ಕಾಯಿಸಬೇಕು. ಗಟ್ಟಿಯಾದ ಅಲಗು ಈಗ ಗಾಜಿನಷ್ಟೇ ಪೆಡಸು. ಕೈಜಾರಿ ಬಿದ್ದರೆ ಎರಡು ತುಂಡು. ತಡ ಮಾಡದೆ 200 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಇಟ್ಟು, ತಣಿಸಿ, ಮತ್ತೆ ಎರಡು ಗಂಟೆ ಇಡಿ. ಗಡಸುತನ ಹೇಳುವ ರಾಕ್‌ವೆಲ್ ಅಳತೆಯಲ್ಲಿ 60ರ ಆಸುಪಾಸು ಬರುತ್ತದೆ, ಕೆತ್ತುವ, ಕತ್ತರಿಸುವ ಚಾಕುವಿಗೆ ಅದು ಸರಿ. ದೊಣ್ಣೆಯಿಂದ ಬೆನ್ನಿಗೆ ಹೊಡೆದು ಕಟ್ಟಿಗೆ ಸೀಳುವ ಅಭ್ಯಾಸ ನಿಮಗಿದ್ದರೆ 220–230ಕ್ಕೆ ಏರಿಸಿ, ಹರಿತ ಸ್ವಲ್ಪ ಬೇಗ ಹೋಗಬಹುದು, ಬಾಯಿ ಚೂರಾಗುವುದಿಲ್ಲ. ಓವನ್ನಿನ ಗುಂಡಿ ತೋರಿಸುವ ಶಾಖವನ್ನು ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ.

ದಪ್ಪ ಮತ್ತು ಇಳಿಜಾರು

ಹೊರಗಡೆ ಬಳಸುವ ಚಾಕು ಅಂದ ಕೂಡಲೇ ದಪ್ಪ ಇರಬೇಕು ಅನ್ನಿಸುತ್ತದೆ ಅಲ್ವಾ? ಒಂದು ಲೆಕ್ಕ ನೋಡಿ. ಪಟ್ಟಿಯ ಬಿಗಿತ ದಪ್ಪದ ಘನದ ಪ್ರಕಾರ ಏರುತ್ತದೆ. 3 ಮಿ.ಮೀ.ನಿಂದ 4ಕ್ಕೆ ಹೋದರೆ ಬಿಗಿತ ಎರಡೂಕಾಲು ಪಟ್ಟಿಗಿಂತ ಜಾಸ್ತಿ. ಅಂದರೆ 3–3.5 ಮಿ.ಮೀ. ಅಲಗೇ ಸಾಕಷ್ಟು ಬಿಗಿ, 4ರ ಮೇಲೆ ಹೋದರೆ ನಿಮಗೆ ಸಿಗುವುದು ಸನ್ನೆಕೋಲು. ಚಾಕುವಿನ ಮುಖ್ಯ ಕೆಲಸ ಕತ್ತರಿಸುವುದು. ನಾನು 3.5ಕ್ಕಿಂತ ದಪ್ಪ ಮಾಡುವುದನ್ನು ಬಿಟ್ಟಿದ್ದೇನೆ.

ಇಳಿಜಾರಿನಲ್ಲಿ ಗಂಭೀರವಾಗಿ ಪೈಪೋಟಿಗೆ ಬರುವುದು ಮೂರು. ಸ್ಕ್ಯಾಂಡಿ ಅಂದರೆ ಅಲಗಿನ ಕೆಳಭಾಗದಲ್ಲಿ ಮಾತ್ರ ಒಂದು ಚಪ್ಪಟೆ ಇಳಿಜಾರು, ಅದು ನೇರವಾಗಿ ಬಾಯಿಯವರೆಗೆ. ಒಂದೊಂದು ಬದಿಗೆ 12 ಡಿಗ್ರಿ ಹಿಡಿದರೆ 3 ಮಿ.ಮೀ. ಅಲಗಿನಲ್ಲಿ ಇಳಿಜಾರಿನ ಅಗಲ ಸುಮಾರು 7 ಮಿ.ಮೀ., 4ರಲ್ಲಿ ಒಂಬತ್ತೂವರೆ. ಮರ ಕೆತ್ತುವುದಕ್ಕೆ ಇದರಷ್ಟು ಹಿತವಾದದ್ದು ಇಲ್ಲ, ಉಳಿಯ ಹಾಗೆ ಮರಕ್ಕೆ ಒರಗಿ ನಡೆಯುತ್ತದೆ. ಸಾಣೆ ಹಿಡಿಯುವಾಗ ಇಳಿಜಾರನ್ನೇ ಕಲ್ಲಿನ ಮೇಲೆ ಮಲಗಿಸಿದರೆ ಕೋನ ತಾನಾಗೇ ಸಿಗುತ್ತದೆ. ಅರದಲ್ಲಿ ಮಾಡುವವರಿಗೂ ತೆಗೆಯಬೇಕಾದ ಉಕ್ಕು ಕಡಿಮೆ. ಆದರೆ ದಪ್ಪ ರಟ್ಟು, ಗಟ್ಟಿ ಗೆಡ್ಡೆ ಇಂಥದ್ದನ್ನು ಆಳವಾಗಿ ಕೊಯ್ಯಲು ಹೋದರೆ ಇಳಿಜಾರಿನ ಭುಜ ತಡೆಯುತ್ತದೆ, ಸೀಳುತ್ತದೆಯೇ ಹೊರತು ಕೊಯ್ಯುವುದಿಲ್ಲ.

ಬೆನ್ನಿನಿಂದಲೇ ಶುರುವಾಗುವ ಪೂರ್ತಿ ಚಪ್ಪಟೆ ಇಳಿಜಾರು ಇದಕ್ಕೆ ತದ್ವಿರುದ್ಧ. ಬೆನ್ನು 3.5 ಮಿ.ಮೀ., ಅಲಗಿನ ಅಗಲ 28 ಮಿ.ಮೀ., ಬಾಯಿಯ ಹಿಂದೆ ಅರ್ಧ ಮಿ.ಮೀ. ಉಳಿಸಿದರೆ ಎರಡೂ ಬದಿ ಸೇರಿ ಕೋನ ಸುಮಾರು 6 ಡಿಗ್ರಿ ಅಷ್ಟೇ. ಅದರ ಮೇಲೆ ಬದಿಗೆ 20 ಡಿಗ್ರಿಯ ಸಣ್ಣ ಬಾಯಿ. ಹಗ್ಗ, ಚರ್ಮ, ರಟ್ಟು, ತರಕಾರಿ, ಕಡ್ಡಿ, ಎಲ್ಲದಕ್ಕೂ ಸೈ. ಒಂದೇ ಚಾಕು ಇರಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಕೆತ್ತನೆಯೇ ಮುಖ್ಯ ಅಂದರೆ ಮಾತ್ರ ಸ್ಕ್ಯಾಂಡಿ.

ಮೂರನೆಯದು ಉಬ್ಬಿದ ಇಳಿಜಾರು, ಹೊಟ್ಟೆಯ ಹಾಗೆ ಸ್ವಲ್ಪ ದುಂಡಗೆ. ಪೆಟ್ಟು ಚೆನ್ನಾಗಿ ತಡೆಯುತ್ತದೆ, ಮರ ಸೀಳುತ್ತದೆ. ಅದನ್ನು ಸರಿಯಾಗಿ ತೆಗೆಯಲು ಸಡಿಲ ಬೆಲ್ಟ್ ಬೇಕು, ಮಸೆಯಲು ಕೈ ಪಳಗಿರಬೇಕು. ಒಳಗೆ ತಗ್ಗಾಗಿ ಕೊರೆದ ಇಳಿಜಾರು ಹೊರಗಡೆ ಕೆಲಸಕ್ಕೆ ಬೇಡ.

ಯಾವುದೇ ಇಳಿಜಾರಿರಲಿ, ಹದ ಕೊಡುವ ಮೊದಲು ಬಾಯಿಯನ್ನು 0.8–1 ಮಿ.ಮೀ. ದಪ್ಪ ಬಿಡಿ. ಅದಕ್ಕಿಂತ ತೆಳುವಾದರೆ ಎಣ್ಣೆಯಲ್ಲಿ ಅಲೆಯಲೆಯಾಗಿ ತಿರುಚಿಕೊಳ್ಳುತ್ತದೆ. ಹದ ಆದ ಮೇಲೆ ಮಿಕ್ಕಿದ್ದನ್ನು ತೆಗೆಯುವಾಗ ಪದೇ ಪದೇ ನೀರಿಗೆ ಅದ್ದಿ, ಬೆರಳಿಗೆ ಬಿಸಿ ತಾಕುವ ಮೊದಲೇ. ಬಾಯಿಯ ತುದಿ ನೀಲಿಯಾಯಿತು ಅಂದರೆ ಆ ಜಾಗದ ಹದ ಹೋಯಿತು, ಅಷ್ಟು ಉಕ್ಕು ಉಜ್ಜಿ ತೆಗೆಯುವುದೊಂದೇ ದಾರಿ.

ಅಲಗಿನ ಆಕಾರದ ಬಗ್ಗೆ ಎರಡೇ ಮಾತು. ಉದ್ದ ನಿಮ್ಮ ಅಂಗೈ ಅಗಲಕ್ಕಿಂತ ಸ್ವಲ್ಪ ಜಾಸ್ತಿ, 90–110 ಮಿ.ಮೀ. ಬೆನ್ನು ಮೊನೆಯ ಕಡೆಗೆ ಮೆಲ್ಲಗೆ ಇಳಿಯಲಿ, ಮೊನೆ ಗಟ್ಟಿಯಾಗಿರುತ್ತದೆ. ಬೆನ್ನಿನ ಅಂಚನ್ನು ದುಂಡು ಮಾಡದೆ ಚೌಕವಾಗಿಯೇ ಬಿಟ್ಟರೆ ಬೆಂಕಿ ಹೊತ್ತಿಸುವ ಕಿಡಿಕಡ್ಡಿ ಗೀರಲು ಬರುತ್ತದೆ.

ಹಿಡಿ

ಅಲಗಿಗೆ ಕೊಡುವ ಗಮನದ ಅರ್ಧವನ್ನೂ ಜನ ಹಿಡಿಗೆ ಕೊಡುವುದಿಲ್ಲ, ನನಗೆ ಅದು ನಿಜಕ್ಕೂ ಬೇಸರ. ಕೈಗೆ ಗುಳ್ಳೆ ಎಬ್ಬಿಸುವ ಚಾಕು ಎಷ್ಟು ಹರಿತ ಇದ್ದರೇನು? ಬೇಕಾಬಿಟ್ಟಿ ಸಿಗುವ ಮೆತ್ತನೆಯ ಮರದ ತುಂಡಿನಲ್ಲಿ ಮೊದಲು ಒಂದು ಹಿಡಿ ಕೆತ್ತಿ. ಉದ್ದ 110–120 ಮಿ.ಮೀ., ಅಡ್ಡ ಸೀಳಿದರೆ ಮೊಟ್ಟೆಯ ಆಕಾರ ಇರಲಿ, ಬಾಯಿಯ ಕಡೆ ಸ್ವಲ್ಪ ಕಿರಿದು. ಪೂರ್ತಿ ದುಂಡಗಿದ್ದರೆ ಕೈಯೊಳಗೆ ಉರುಳುತ್ತದೆ, ಕತ್ತಲಲ್ಲಿ ಬಾಯಿ ಯಾವ ಕಡೆಗಿದೆ ಅಂತ ಗೊತ್ತಾಗುವುದಿಲ್ಲ. ಕೈಗೆ ಇದ್ದಿಲ ಪುಡಿ ಬಳಿದುಕೊಂಡು ಆ ತುಂಡನ್ನು ಬಿಗಿಯಾಗಿ ಹಿಡಿದು ಒತ್ತಿ, ತಿರುಗಿಸಿ, ಕೆತ್ತುವ ಹಾಗೆ ಎಳೆಯಿರಿ. ಕಪ್ಪು ಜಾಸ್ತಿ ಹತ್ತಿದ ಜಾಗವೇ ನಾಳೆ ಗುಳ್ಳೆ ಏಳುವ ಜಾಗ. ಅಲ್ಲಿ ಉಜ್ಜಿ, ಮತ್ತೆ ಹಿಡಿಯಿರಿ. ಆಮೇಲೆ ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ. ಬೆರಳು ಬಾಯಿಯ ಕಡೆಗೆ ಜಾರದಂತೆ ಮುಂದೆ ಒಂದು ಸಣ್ಣ ಮೆಟ್ಟಿಲು ಸಾಕು. ನಾಲ್ಕು ಬೆರಳಿಗೆ ನಾಲ್ಕು ಗುಳಿ ತೋಡುವವರಿದ್ದಾರೆ, ಅದು ಒಂದೇ ಹಿಡಿತಕ್ಕೆ ಒಪ್ಪುತ್ತದೆ. ಹಿಡಿತ ಬದಲಿಸಿದರೆ ಅದೇ ಗುಳಿ ಕೈ ಕೊರೆಯುತ್ತದೆ.

ಹಿಡಿಯೊಳಗೆ ಹೋಗುವ ಉಕ್ಕಿನ ಬಾಲ ಹಿಡಿಯಷ್ಟೇ ಅಗಲ, ಉದ್ದ ಇದ್ದು ಎರಡು ಬದಿ ಪಟ್ಟಿ ಕೂರಿಸುವುದು ಒಂದು ಬಗೆ. ಕಿರಿದಾದ ಬಾಲ ಹಿಡಿಯೊಳಗೆ ಅಡಗಿರುವುದು ಇನ್ನೊಂದು. ಮೊದಲನೆಯದು ಮಾಡಲು ಸುಲಭ, ಹಿಡಿ ಒಡೆದರೂ ಚಾಕು ಕೈಬಿಡುವುದಿಲ್ಲ. ಭಾರ ಜಾಸ್ತಿ, ಚಳಿಯಲ್ಲಿ ಉಕ್ಕು ಕೈಗೆ ತಣ್ಣಗೆ ತಾಕುತ್ತದೆ. ಎರಡನೆಯದು ಹಗುರ, ಕೈಗೆ ಬೆಚ್ಚಗೆ, ಆದರೆ ಬಾಲ ಶುರುವಾಗುವ ಮೂಲೆಯನ್ನು ಚೂಪಾಗಿ ಕತ್ತರಿಸಿದರೆ ಅಲ್ಲೇ ಮುರಿಯುತ್ತದೆ. ದುಂಡು ಅರದಿಂದ ಆ ಮೂಲೆಯನ್ನು ದುಂಡು ಮಾಡಲೇಬೇಕು. ಮೊದಲ ಚಾಕುವಿಗೆ ಪೂರ್ತಿ ಬಾಲವೇ ಇರಲಿ. ಪಿನ್ನುಗಳ ತೂತನ್ನು ಹದ ಕೊಡುವ ಮೊದಲೇ ಕೊರೆಯಿರಿ, ಆಮೇಲೆ ಡ್ರಿಲ್ ಬಿಟ್ ಇಳಿಯುವುದಿಲ್ಲ.

ಹಿಡಿಯ ಪಟ್ಟಿಗೆ ಚೆನ್ನಾಗಿ ಒಣಗಿದ ಗಟ್ಟಿ ಮರ ಚೆಂದ, ಕೈಗೂ ಹಿತ. ಆದರೆ ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬಟ್ಟೆಯನ್ನು ರಾಳದಲ್ಲಿ ಒತ್ತಿ ಮಾಡುವ ಮೈಕಾರ್ಟ ಅಲುಗಾಡುವುದಿಲ್ಲ, ನಯ ಮಾಡದೆ ಸ್ವಲ್ಪ ಒರಟು ಬಿಟ್ಟರೆ ಒದ್ದೆಯಾದಷ್ಟೂ ಹಿಡಿತ ಕೊಡುತ್ತದೆ. ಹೊರಗಡೆ ಚಾಕುವಿಗೆ ನನ್ನ ಮೊದಲ ಆಯ್ಕೆ ಅದೇ. ಜಿ10 ಅದಕ್ಕಿಂತ ಗಟ್ಟಿ, ಆದರೆ ಅದು ಗಾಜಿನ ನಾರು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಇವೆರಡನ್ನು ಮಾತ್ರವಲ್ಲ, ಮರ ಉಜ್ಜುವಾಗಲೂ ಸರಿಯಾದ ರೆಸ್ಪಿರೇಟರ್ ಹಾಕಿ. ಬೀಟೆಯಂಥ ಮರಗಳ ಧೂಳು ಕೆಲವರಿಗೆ ಅಲರ್ಜಿ ತರುತ್ತದೆ.

ಅಂಟಿಸುವ ಮೊದಲು ಅಲಗನ್ನು ಪರೀಕ್ಷೆ ಮಾಡಿ, ಅಂಟಿಸಿದ ಮೇಲೆ ಮತ್ತೆ ಓವನ್ನಿಗೆ ಇಡಲಾಗುವುದಿಲ್ಲ. ಸಾಣೆ ಹಿಡಿದು, 6 ಮಿ.ಮೀ. ಹಿತ್ತಾಳೆ ಸರಳನ್ನು ವೈಸಿನಲ್ಲಿ ಮಲಗಿಸಿ, ಅದರ ಮೇಲೆ ಬಾಯಿಯನ್ನು ಓರೆಯಾಗಿ ಒತ್ತಿ ಎಳೆಯಿರಿ. ಬೆಳಕಿಗೆ ಹಿಡಿದರೆ ಬಾಯಿ ಬಾಗುವುದು ಕಾಣುತ್ತದೆ. ಬಾಗಿ ವಾಪಸ್ ನೆಟ್ಟಗಾದರೆ ಹದ ಸರಿ. ಸಣ್ಣ ಚೂರು ಎದ್ದರೆ ಇನ್ನೂ 15 ಡಿಗ್ರಿ ಜಾಸ್ತಿ ಶಾಖದಲ್ಲಿ ಎರಡು ಗಂಟೆ. ಬಾಗಿದ್ದು ಹಾಗೇ ನಿಂತರೆ ಮೆತ್ತಗಾಗಿದೆ, ಮತ್ತೆ ಮೊದಲಿನಿಂದ ಗಟ್ಟಿ ಮಾಡಬೇಕು. ಹದ ಸರಿಯಿದೆ ಅಂತ ಆದ ಮೇಲೆ ಎರಡೂ ಮೈಯನ್ನು 80ರ ಉಜ್ಜುಕಾಗದದಿಂದ ಒರಟು ಮಾಡಿ, ಅಸಿಟೋನಿನಿಂದ ಒರೆಸಿ, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಹಚ್ಚಿ ಒಂದು ದಿನ ಬಿಡಿ. ಐದು ನಿಮಿಷದ ಎಪಾಕ್ಸಿ ಬೇಡ. ಕ್ಲಾಂಪನ್ನು ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಗೆ ಬಂದುಬಿಡುತ್ತದೆ.

ಒರೆಗೆ ಚರ್ಮವೋ ಕೈಡೆಕ್ಸೋ ಅಂತ ಕೇಳಿದರೆ ನೀರಿನ ಹತ್ತಿರ ಇರುವವರಿಗೆ ಕೈಡೆಕ್ಸ್, ಮಿಕ್ಕವರಿಗೆ ಚರ್ಮ. ಕೈಡೆಕ್ಸ್ ಪ್ಲಾಸ್ಟಿಕ್ಕನ್ನು ಸುಮಾರು 160 ಡಿಗ್ರಿಗೆ ಬಿಸಿ ಮಾಡಿ ಚಾಕುವಿನ ಮೇಲೇ ಒತ್ತಿದರೆ ಒರೆ ಸಿದ್ಧ. ತೊಳೆದರೆ ಆಯಿತು. ಚರ್ಮ ಸದ್ದು ಮಾಡುವುದಿಲ್ಲ, ಸೊಂಟಕ್ಕೆ ಹಿತ. ಮರದ ತೊಗಟೆಯಿಂದ ಹದ ಮಾಡಿದ 3 ಮಿ.ಮೀ. ಚರ್ಮ ತೆಗೆದುಕೊಳ್ಳಿ, ಕ್ರೋಮ್ ಹದದ್ದು ಅಲಗಿಗೆ ತುಕ್ಕು ಹಿಡಿಸಬಹುದು. ಹೊಲಿಗೆ ಬರುವ ಕಡೆ ನಡುವೆ ಇನ್ನೊಂದು ಚರ್ಮದ ಪಟ್ಟಿ ಇಡಿ, ಇಲ್ಲದಿದ್ದರೆ ಬಾಯಿ ದಾರವನ್ನೇ ಕೊಯ್ಯುತ್ತದೆ. ಎರಡರಲ್ಲಿ ಯಾವುದೇ ಇರಲಿ, ಕಾರ್ಬನ್ ಉಕ್ಕಿನ ಚಾಕುವನ್ನು ಕೆಲಸ ಮುಗಿದ ಮೇಲೆ ಒರೆಯಿಂದ ತೆಗೆದು, ಒರೆಸಿ, ಒಂದು ಹನಿ ಎಣ್ಣೆ ಸವರಿ ಹೊರಗೇ ಇಡಿ.